ಲೋಳೆಯೊಳಗಣ ಊರು

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ವಾರ್ಷಿಕೋತ್ಸವದ ವೇದಿಕೆಯಿಂದ ಕಾವ್ಯವನ್ನೋ ಯಕ್ಷಗಾನವನ್ನೋ ನಾಡುನುಡಿಯ ಚರಿತ್ರೆಯನ್ನೋ ಕುರಿತು ಮಾತನಾಡುವುದು ನಮ್ಮಲ್ಲಿ ರೂಢಿಯಾಗಿ ಬಂದಿದೆ. ಈ ಸಲ ಆ ರೂಢಿಯನ್ನು ಸ್ವಲ್ಪ ಬದಿಗಿರಿಸಿ, ಕಣ್ಣಿಗೆ ಕಾಣದ ಜೀವಿಗಳ ಒಂದು ವಿಚಾರವನ್ನು ತಮ್ಮ ಮುಂದಿಡಲು ನಾವು ಅಪ್ಪಣೆ ಬೇಡುತ್ತೇವೆ. ವಿಷಯವು ನೀರಸವೆಂದು ತಾವು ಅಂಜಬೇಕಾಗಿಲ್ಲ. ಸಕ್ಕರೆ ಕಾಯಿಲೆಯ ಹಿರಿಯರ ಕಾಲಿನ ಹುಣ್ಣು ತಿಂಗಳುಗಟ್ಟಲೆ ಮಾಯದೆ ಉಳಿದುದನ್ನು ಕಂಡವರಿಗೆ, ಮೂತ್ರದ ನಳಿಗೆ ಹಾಕಿಸಿಕೊಂಡವರಿಗೆ ಜ್ವರವು ಬಿಟ್ಟು ಬಿಟ್ಟು ಬರುವುದನ್ನು ನೋಡಿ ಕಂಗೆಟ್ಟವರಿಗೆ, ಇದು ಪುಸ್ತಕದ ವಿಷಯವಲ್ಲ, ಮನೆಯ ವಿಷಯ. ಔಷಧ ಕೊಟ್ಟಷ್ಟು ದಿನ ತಗ್ಗಿ, ನಿಲ್ಲಿಸಿದೊಡನೆ ಮರಳಿ ತಲೆಯೆತ್ತುವ ರೋಗಗಳ ಮರ್ಮವೇನು? ಈ ಪ್ರಶ್ನೆಗೆ ಕಳೆದ ಐವತ್ತು ವರ್ಷಗಳಲ್ಲಿ ವಿಜ್ಞಾನವು ಬಹುಮಟ್ಟಿಗೆ ಉತ್ತರವನ್ನು ಕಂಡುಕೊಂಡಿದೆ. ಆ ಉತ್ತರವನ್ನು ನಮ್ಮ ಕನ್ನಡದಲ್ಲಿ ಹೇಳಿಕೊಳ್ಳುವುದೇ ಇಂದಿನ ಉದ್ದೇಶ.

ಬೆಳಗ್ಗೆ ಎದ್ದೊಡನೆ ನಾಲಗೆಯನ್ನು ಹಲ್ಲಿನ ಮೇಲೆ ಆಡಿಸಿದರೆ ಜಿಡ್ಡು ಜಿಡ್ಡಾದ ಒಂದು ಪದರ ತಾಗುತ್ತದೆ. ನಾಲ್ಕು ದಿನ ತಿಕ್ಕದೆ ಬಿಟ್ಟ ಕೊಡಪಾನದ ಒಳಮೈಯನ್ನು ಬೆರಳಿನಿಂದ ಸವರಿದರೆ ಅಂಥದೇ ಜಾರುವಿಕೆ. ತೋಡಿನ ಕಲ್ಲು, ಮದಕದ ಮೆಟ್ಟಿಲು, ಸುರಂಗದ ಬಾಯಿಯಲ್ಲಿ ನೀರು ಹರಿಯುವ ದಂಬೆ, ಎಲ್ಲ ಕಡೆಯೂ ಅದೇ ಲೋಳೆ. ಮಳೆಗಾಲದಲ್ಲಿ ಅಂಗಳ ಜಾರುವುದೆಂದು ನಾವು ಅಡಕೆಮರದ ಸೀಳುಗಳನ್ನು ಹಾಸುವುದೂ ಇದಕ್ಕೆ ಹೆದರಿಯೇ. ಹಸುರಾಗಿ ಕಾಣುವ ಹಾವಸೆಯು ಇದರ ಒಂದು ಪಾಲು ಮಾತ್ರ. ಆ ಹಾವಸೆಯ ನಡುವೆಯೂ ಅಡಿಯಲ್ಲಿಯೂ ಬ್ಯಾಕ್ಟೀರಿಯಗಳೆಂಬ ಸೂಕ್ಷ್ಮಜೀವಿಗಳು ಕೋಟಿಗಟ್ಟಲೆಯಾಗಿ, ತಾವೇ ಸುರಿಸಿದ ಅಂಟಿನೊಳಗೆ ಹುದುಗಿ, ಒಂದಕ್ಕೊಂದು ಆತುಕೊಂಡು ನೆಲಸಿರುತ್ತವೆ. ಈ ನೆಲೆಗೆ ವಿಜ್ಞಾನಿಗಳು ಬಯೋಫಿಲ್ಮ್ ಎಂದು ಹೆಸರಿಟ್ಟಿರುವರು. ನಾವು ಇದನ್ನು ‘ಜೀವಪೊರೆ’ ಎಂದು ಕರೆಯೋಣ.

ಈ ಜೀವಪೊರೆಯನ್ನು ಮೊತ್ತಮೊದಲು ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿದವನು ಪದವೀಧರನಲ್ಲ, ಜವಳಿ ವ್ಯಾಪಾರಿ. ಹಾಲೆಂಡಿನ ಡೆಲ್ಫ್ಟ್ ಪಟ್ಟಣದ ಲೇವನ್‌ಹುಕ್ ಎಂಬಾತನು ತಾನೇ ಉಜ್ಜಿ ತಯಾರಿಸಿದ ಮಸೂರದ ಮೂಲಕ ತನ್ನ ಹಲ್ಲಿನ ಸಂದಿಯ ಕಿಟ್ಟವನ್ನು ಪರೀಕ್ಷಿಸಿ, ಅದರಲ್ಲಿ ಚಲಿಸುವ ಜೀವಿಗಳನ್ನು ಕಂಡು, 1683ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರ ಬರೆದನು. ವಿನಿಗರಿನಿಂದ ಬಾಯಿ ಮುಕ್ಕಳಿಸಿದರೆ ಕಿಟ್ಟದ ಹೊರಮೈಯ ಜೀವಿಗಳು ಸಾಯುವುವೇ ಹೊರತು ಒಳಗಿನವು ಸಾಯುವುದಿಲ್ಲವೆಂಬುದನ್ನೂ ಅವನು ಗುರುತಿಸಿದನು. ಇಂದಿನ ನಮ್ಮ ಮಾತೆಲ್ಲವೂ ಆ ಒಂದು ವಾಕ್ಯದ ವಿಸ್ತರಣೆಯೆಂದರೂ ಸಲ್ಲುತ್ತದೆ.

ಆದರೆ ಮುಂದಿನ ಸುಮಾರು ಮೂರು ಶತಮಾನ ಈ ಮಾತಿಗೆ ತಕ್ಕ ಬೆಲೆ ಬರಲಿಲ್ಲ. ಅದಕ್ಕೆ ಕಾರಣವುಂಟು. ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನಿಯ ರಾಬರ್ಟ್ ಕಾಖ್ ರೋಗಕಾರಕ ಜೀವಿಗಳನ್ನು ಒಂದೊಂದಾಗಿ ಬೇರ್ಪಡಿಸಿ ಬೆಳೆಸುವ ವಿಧಾನವನ್ನು ರೂಪಿಸಿದನು. 1882ರಲ್ಲಿ ಕ್ಷಯದ ಜೀವಾಣುವನ್ನೂ, ಬಳಿಕ ಈಜಿಪ್ಟಿಗೂ ಕಲ್ಕತ್ತೆಗೂ ಬಂದು ಕಾಲರಾದ ಜೀವಾಣುವನ್ನೂ ಗುರುತಿಸಿದ ಮಹಾನುಭಾವನೀತ. ಆ ವಿಧಾನದಿಂದ ಲೋಕಕ್ಕಾದ ಉಪಕಾರ ಸಾಮಾನ್ಯವಲ್ಲ. ಆದರೆ ಅದರ ಫಲವಾಗಿ, ಬ್ಯಾಕ್ಟೀರಿಯವೆಂದರೆ ಗಾಜಿನ ನಳಿಗೆಯ ಸಾರಿನಲ್ಲಿ ಒಂಟಿಯಾಗಿ ಈಜಾಡುವ ಜೀವಿಯೆಂಬ ಚಿತ್ರವೇ ಎಲ್ಲರ ಮನಸ್ಸಿನಲ್ಲಿ ಅಚ್ಚೊತ್ತಿತು. ಪ್ರಕೃತಿಯಲ್ಲಿ ಅದು ಬಹುಪಾಲು ಒಂಟಿಯಲ್ಲ, ಒಕ್ಕಲು. 1943ರಲ್ಲಿ ಅಮೆರಿಕದ ಕ್ಲಾಡ್ ಜೋಬೆಲ್, ಸಮುದ್ರದ ನೀರನ್ನು ಸೀಸೆಯಲ್ಲಿಟ್ಟರೆ ಅದರ ಬ್ಯಾಕ್ಟೀರಿಯಗಳು ನೀರಿಗಿಂತ ಸೀಸೆಯ ಗೋಡೆಯನ್ನೇ ಹೆಚ್ಚಾಗಿ ಆಶ್ರಯಿಸುವುದನ್ನು ವರದಿ ಮಾಡಿದನು. 1978ರಲ್ಲಿ ಕೆನಡದ ವಿಲಿಯಂ ಕಾಸ್ಟರ್ಟನ್ನನೂ ಅವನ ಜೊತೆಗಾರರೂ ಬೆಟ್ಟದ ಹೊಳೆಗಳನ್ನು ಶೋಧಿಸಿ, ತಿಳಿಯಾಗಿ ಹರಿಯುವ ನೀರಿನಲ್ಲಿ ಜೀವಿಗಳು ವಿರಳವಾಗಿದ್ದರೂ ಅದೇ ಹೊಳೆಯ ಕಲ್ಲಿನ ಲೋಳೆಯಲ್ಲಿ ಅವು ಇಡಿಕಿರಿದಿರುವುದನ್ನು ತೋರಿಸಿಕೊಟ್ಟರು. ಹೊಳೆಯ ಕಲ್ಲಿಗೆ ಸಲ್ಲುವ ನ್ಯಾಯವು ರೋಗಿಯ ದೇಹಕ್ಕೂ ಸಲ್ಲುವುದೆಂದು ಅಂದಿನಿಂದ ವೈದ್ಯಲೋಕವು ಅರಿಯತೊಡಗಿತು.

ಜೀವಪೊರೆಯು ಹೇಗೆ ಕಟ್ಟಿಕೊಳ್ಳುವುದೆಂಬುದನ್ನು ಈಗ ನೋಡೋಣ. ನೀರಿನಲ್ಲಿ ತೇಲಿಬಂದ ಕೆಲವು ಜೀವಾಣುಗಳು ಕಲ್ಲನ್ನೋ ಹಲ್ಲನ್ನೋ ಗಾಯವನ್ನೋ ಮುಟ್ಟಿ ತಂಗುತ್ತವೆ. ಮೊದಲ ಹಂತದಲ್ಲಿ ಹಿಡಿತ ಸಡಿಲ. ನೀರಿನ ರಭಸಕ್ಕೆ ಕಳಚಿಹೋಗುವುದೂ ಉಂಟು. ನಿಂತವು ಅಂಟನ್ನು ಸುರಿಸತೊಡಗುತ್ತವೆ. ಈ ಅಂಟಿನಲ್ಲಿ ಸಕ್ಕರೆಯ ದೀರ್ಘ ಸರಪಣಿಗಳು, ಪ್ರೋಟೀನುಗಳು, ಸತ್ತ ಜೀವಾಣುಗಳಿಂದ ಹೊರಬಿದ್ದ ಡಿ.ಎನ್.ಎ. ಎಳೆಗಳು ಹೆಣೆದುಕೊಂಡಿರುತ್ತವೆ. ನೀರಿನಂಶವನ್ನು ತೆಗೆದು ತೂಗಿದರೆ ಪೊರೆಯ ತೂಕದಲ್ಲಿ ಅನೇಕ ವೇಳೆ ಹತ್ತರಲ್ಲಿ ಒಂಬತ್ತು ಪಾಲು ಅಂಟೇ ಇರುತ್ತದೆ, ಜೀವಾಣುಗಳದು ಉಳಿದ ಒಂದು ಪಾಲು. ಮನೆಯವರಿಗಿಂತ ಮನೆಯೇ ದೊಡ್ಡದು! ಆ ಮನೆಯೊಳಗೆ ನೀರೂ ಆಹಾರವೂ ಸಂಚರಿಸಲು ಓಣಿಗಳಂಥ ದಾರಿಗಳಿರುತ್ತವೆ.

ಇವು ತಮ್ಮೊಳಗೆ ಮಾತನಾಡಿಕೊಳ್ಳುತ್ತವೆಯೆಂದರೆ ತಾವು ನಗಬಹುದು. ಆದರೆ ಇದು ಸಿದ್ಧವಾದ ಸಂಗತಿ. ಪ್ರತಿಯೊಂದು ಜೀವಾಣುವೂ ಒಂದು ಬಗೆಯ ರಾಸಾಯನಿಕವನ್ನು ಹೊರಬಿಡುತ್ತದೆ. ಸುತ್ತಮುತ್ತ ಅದರ ಸಾಂದ್ರತೆ ಹೆಚ್ಚಿದಾಗ, ತನ್ನವರು ಸಾಕಷ್ಟು ಮಂದಿ ನೆರೆದಿರುವರೆಂದು ಅದಕ್ಕೆ ಗೊತ್ತಾಗುತ್ತದೆ. ಒಡನೆಯೇ ಎಲ್ಲವೂ ಕೂಡಿ ಒಂದೇ ಕಾರ್ಯಕ್ಕೆ ತೊಡಗುತ್ತವೆ. ಕಡಲಿನಲ್ಲಿ ಬೆಳಕು ಬೀರುವ ಬ್ಯಾಕ್ಟೀರಿಯಗಳಲ್ಲಿ ಇದರ ಸುಳಿವನ್ನು 1970ರಲ್ಲಿ ಅಮೆರಿಕದ ನೀಲ್‌ಸನ್ ಮತ್ತು ಹೇಸ್ಟಿಂಗ್ಸ್ ಮೊದಲಾದವರು ಕಂಡುಹಿಡಿದರು. ಕೋರಂ ಇಲ್ಲದೆ ಸಭೆಯನ್ನು ಆರಂಭಿಸಬಾರದೆಂಬ ನಿಯಮ ನಮ್ಮ ಸಂಘಕ್ಕೆ ಮಾತ್ರವಲ್ಲ, ಈ ಕ್ಷುದ್ರಜೀವಿಗಳಿಗೂ ಉಂಟು. ನಮ್ಮ ಕಾರ್ಯದರ್ಶಿಗಳು ಕೋರಂಗಾಗಿ ಕಾದುಕುಳಿತ ಸಂಜೆಗಳನ್ನು ನೆನೆದರೆ, ಅವುಗಳ ಶಿಸ್ತು ನಮ್ಮದಕ್ಕಿಂತ ಒಂದು ಕೈ ಮೇಲೆಂದೇ ಹೇಳಬೇಕಾಗುತ್ತದೆ. ಊರು ಬೆಳೆದು ದೊಡ್ಡದಾದ ಮೇಲೆ ಕೆಲವು ಜೀವಾಣುಗಳು ಬಿಡಿಬಿಡಿಯಾಗಿ ಹೊರಟು, ಹೊಸ ನೆಲೆಯನ್ನರಸಿ ತೇಲಿಹೋಗುತ್ತವೆ. ದೇಹದೊಳಗೆ ಹೀಗೆ ಹೊರಟವೇ ಬಿಟ್ಟು ಬಿಟ್ಟು ಬರುವ ಜ್ವರಕ್ಕೆ ಅನೇಕ ವೇಳೆ ಕಾರಣ.

ಪ್ರಕೃತ ವಿಷಯದ ತಿರುಳು ಇಲ್ಲಿದೆ: ತೇಲಾಡುವ ಜೀವಾಣುವನ್ನು ಕೊಲ್ಲುವಷ್ಟು ಔಷಧವು ಪೊರೆಯೊಳಗಿನ ಅದೇ ಜೀವಾಣುವನ್ನು ಕೊಲ್ಲಲಾರದು. ಅನೇಕ ಸಂದರ್ಭಗಳಲ್ಲಿ ಹತ್ತು ಪಟ್ಟಿನಿಂದ ಸಾವಿರ ಪಟ್ಟಿನವರೆಗೆ ಹೆಚ್ಚು ಔಷಧ ಬೇಕಾಗುವುದು. ಅಷ್ಟನ್ನು ರೋಗಿಯ ದೇಹ ತಾಳಲಾರದು. ಏಕೆ ಹೀಗೆ? ಮೊದಲನೆಯದಾಗಿ, ಕೆಲವು ಔಷಧಗಳು ಅಂಟಿನಲ್ಲಿಯೇ ಸಿಲುಕಿ ಒಳಕ್ಕೆ ಇಳಿಯುವುದು ತಡವಾಗುತ್ತದೆ. ಎರಡನೆಯದಾಗಿ, ಪೊರೆಯ ಆಳದಲ್ಲಿ ಆಮ್ಲಜನಕವೂ ಆಹಾರವೂ ಕಡಮೆಯಾದುದರಿಂದ ಅಲ್ಲಿನ ಜೀವಾಣುಗಳು ಬೆಳವಣಿಗೆಯನ್ನು ನಿಲ್ಲಿಸಿ ತೂಕಡಿಸುತ್ತಿರುತ್ತವೆ; ಬೆಳೆಯುವ ಜೀವಾಣುವಿನ ಮೇಲೆ ಎರಗುವ ಔಷಧಕ್ಕೆ ಮಲಗಿರುವುದರ ಮೇಲೆ ಹಿಡಿತ ಸಿಕ್ಕುವುದಿಲ್ಲ. ಮೂರನೆಯದಾಗಿ, ಯಾವ ಔಷಧಕ್ಕೂ ಜಗ್ಗದೆ ಗಾಢವಾಗಿ ನಿದ್ರಿಸುವ ಕೆಲವೇ ಕೆಲವು ಜೀವಾಣುಗಳು ಎಲ್ಲ ಗುಂಪಿನಲ್ಲಿಯೂ ಇರುತ್ತವೆ. ಪೆನಿಸಿಲಿನ್ ಹಾಕಿದರೂ ಅಲ್ಪಸಂಖ್ಯೆಯಲ್ಲಿ ಉಳಿದುಕೊಳ್ಳುವ ಇವುಗಳನ್ನು ಐರ್ಲೆಂಡಿನ ಜೋಸೆಫ್ ಬಿಗರ್ 1944ರಲ್ಲಿಯೇ ವರ್ಣಿಸಿದ್ದನು. ಔಷಧ ನಿಂತ ಮೇಲೆ ಇವು ಎಚ್ಚೆತ್ತು ಮತ್ತೆ ಊರು ಕಟ್ಟುತ್ತವೆ.

ಇದರಿಂದ ಒಂದು ಒಗಟು ಬಿಡುತ್ತದೆ. ಪ್ರಯೋಗಶಾಲೆಯ ವರದಿಯು ‘ಈ ಔಷಧ ನಾಟುವುದು’ ಎಂದು ಹೇಳುತ್ತದೆ, ವೈದ್ಯರು ಅದನ್ನೇ ಕೊಡುತ್ತಾರೆ, ಆದರೂ ಹುಣ್ಣು ಮಾಯುವುದಿಲ್ಲ. ಆಗ ಮನೆಯವರು ವರದಿಯನ್ನೋ ವೈದ್ಯರನ್ನೋ ಶಂಕಿಸುವುದು ಸಹಜ. ವಾಸ್ತವವಾಗಿ ವರದಿಯು ಸುಳ್ಳಲ್ಲ. ಸಾಮಾನ್ಯವಾಗಿ ಆ ಪರೀಕ್ಷೆ ನಡೆಯುವುದು ಪೊರೆಯಿಂದ ಬಿಡಿಸಿ ಬೆಳೆಸಿದ ಜೀವಾಣುಗಳ ಮೇಲೆ. ಬಯಲಿನಲ್ಲಿ ಗೆಲ್ಲುವ ಸೈನ್ಯವು ಕೋಟೆಯ ಮುಂದೆ ನಿಲ್ಲಬೇಕಾಗುವುದಿಲ್ಲವೆ?

ಈ ಕೋಟೆಗಳು ದೇಹದಲ್ಲಿ ಎಲ್ಲೆಲ್ಲಿ ಏಳುತ್ತವೆ? ಹಲ್ಲಿನಲ್ಲಿ ಏಳುವುದು ಎಲ್ಲರಿಗೂ ಅನುಭವದ ಮಾತು. ಅಲ್ಲಿನ ಜೀವಾಣುಗಳು ನಾವು ತಿಂದ ಸಿಹಿಯನ್ನು ಆಮ್ಲವಾಗಿ ಮಾರ್ಪಡಿಸಿ ಹಲ್ಲನ್ನು ಕೊರೆಯುತ್ತವೆ. ಮೂತ್ರದ ನಳಿಗೆ, ರಕ್ತನಾಳಕ್ಕೆ ಸೇರಿಸಿದ ನಳಿಗೆ, ಹೃದಯದ ಕೃತಕ ಕವಾಟ, ಸೊಂಟಕ್ಕೂ ಮೊಣಕಾಲಿಗೂ ಕೂರಿಸಿದ ಲೋಹದ ಕೀಲು, ಇವೆಲ್ಲ ರಕ್ತಸಂಚಾರವಿಲ್ಲದ ಬರಿಯ ವಸ್ತುಗಳಾದುದರಿಂದ ಜೀವಾಣುಗಳಿಗೆ ಹೇಳಿ ಮಾಡಿಸಿದ ನೆಲೆ. ಇನ್ನು ಮಾಯದ ಹುಣ್ಣುಗಳು. 2008ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಪರಿಶೀಲನೆಯಲ್ಲಿ, ಬಹುಕಾಲದ 50 ಹುಣ್ಣುಗಳ ಪೈಕಿ 30ರಲ್ಲಿ ಜೀವಪೊರೆಯಿತ್ತು. ಹೊಸದಾದ 16 ಗಾಯಗಳಲ್ಲಿ ಒಂದರಲ್ಲಿ ಮಾತ್ರ ಕಂಡುಬಂದಿತು.

ವಿಷಮಶೀತ ಜ್ವರದ ಜೀವಾಣುವು ಪಿತ್ತಕೋಶದ ಕಲ್ಲುಗಳ ಮೇಲೆ ಪೊರೆ ಕಟ್ಟಿ ವರ್ಷಾನುಗಟ್ಟಲೆ ಅಡಗಿರಬಲ್ಲುದೆಂದು ಈ ಶತಮಾನದ ಸಂಶೋಧನೆಯಿಂದ ತಿಳಿದುಬಂದಿದೆ. ಅಂಥವರಿಗೆ ತಮ್ಮಲ್ಲಿ ರೋಗವಿದೆಯೆಂಬ ಅರಿವೇ ಇರುವುದಿಲ್ಲ, ಆದರೆ ಅವರಿಂದ ಇತರರಿಗೆ ಅದು ಅಂಟುತ್ತದೆ. ನ್ಯೂಯಾರ್ಕಿನಲ್ಲಿ ಮನೆಮನೆಗಳ ಅಡುಗೆಯವಳಾಗಿದ್ದ ಮೇರಿ ಮ್ಯಾಲನ್ ಎಂಬ ಹೆಂಗಸು ರೋಗವಾಹಕಳೆಂದು ಗೊತ್ತಾದ ಮೇಲೆ 1907ರಿಂದ 1910ರವರೆಗೂ, ಮತ್ತೆ 1915ರಿಂದ 1938ರಲ್ಲಿ ಸಾಯುವವರೆಗೂ ಒಂದು ದ್ವೀಪದಲ್ಲಿ ಪ್ರತ್ಯೇಕವಾಗಿ ಇರಿಸಲ್ಪಟ್ಟಳು. ತಾನು ಆರೋಗ್ಯವಂತಳೆಂದು ಆಕೆ ಕೊನೆಯವರೆಗೂ ವಾದಿಸಿದಳು. ಆಕೆಗೆ ಅರ್ಥವಾಗುವಂತೆ ವಿವರಿಸಬಲ್ಲ ಜ್ಞಾನ ಆಗ ಯಾರಲ್ಲಿಯೂ ಪೂರ್ತಿಯಾಗಿ ಇರಲಿಲ್ಲ. ಅರಿವಿನ ಕೊರತೆಯಿಂದ ಒಬ್ಬ ಬಡ ಹೆಂಗಸಿನ ಬಾಳು ಹೇಗೆ ಸೆರೆಯಾಯಿತೆಂಬುದು ವಿಚಾರಮಾಡತಕ್ಕ ಸಂಗತಿ.

ಹಾಗಾದರೆ ಚಿಕಿತ್ಸೆಯೇನು? ಲೇವನ್‌ಹುಕ್ ಕಂಡಂತೆ ಔಷಧವೊಂದೇ ಸಾಲದು, ಪೊರೆಯನ್ನು ಕಿತ್ತುಹಾಕಬೇಕು. ಹಲ್ಲಿಗೆ ಮುಕ್ಕಳಿಸುವ ದ್ರವಕ್ಕಿಂತ ಉಜ್ಜುವಿಕೆಯೇ ಮುಖ್ಯ. ಉಜ್ಜದೆ ಉಳಿದ ಪೊರೆ ಕಾಲಕ್ರಮದಲ್ಲಿ ಕಲ್ಲಿನಂತೆ ಗಟ್ಟಿಯಾದರೆ ದಂತವೈದ್ಯರೇ ಕೆರೆದು ತೆಗೆಯಬೇಕಾಗುತ್ತದೆ. ಮೂತ್ರದ ನಳಿಗೆಯಿಂದ ಸೋಂಕು ತಗಲಿದಾಗ ಹಳೆಯ ನಳಿಗೆಯನ್ನು ತೆಗೆದು, ಅಗತ್ಯವಿದ್ದರೆ ಮಾತ್ರ ಹೊಸದನ್ನು ಹಾಕುತ್ತಾರೆ. ಕೃತಕ ಕೀಲಿನಲ್ಲಿ ಸೋಂಕು ಬೇರೂರಿದರೆ ಮತ್ತೆ ತೆರೆದು ತೊಳೆಯುವುದೋ, ಕೀಲನ್ನೇ ಬದಲಾಯಿಸುವುದೋ ಅನಿವಾರ್ಯವಾಗಬಹುದು. ಸಕ್ಕರೆ ಕಾಯಿಲೆಯವರ ಹುಣ್ಣಿನಲ್ಲಿ ಸತ್ತ ಮಾಂಸವನ್ನೂ ಲೋಳೆಯನ್ನೂ ಶಸ್ತ್ರದಿಂದ ಕೆರೆದು ಶುಚಿಮಾಡುತ್ತಾರೆ. ಹೀಗೆ ತೆಗೆದ ಪೊರೆ ಒಂದೆರಡು ದಿನಗಳಲ್ಲಿಯೇ ಮರಳಿ ಕಟ್ಟತೊಡಗಬಹುದಾದುದರಿಂದ, ವೈದ್ಯರು ಪುನಃಪುನಃ ಬರಹೇಳುವುದು ಉಪದ್ರವಕ್ಕಲ್ಲ. ‘ಮೊನ್ನೆ ತಾನೆ ಕೆರೆದರಲ್ಲ, ಮತ್ತೇಕೆ’ ಎಂದು ಮನೆಯಲ್ಲಿಯೇ ಉಳಿದು ಕಾಲನ್ನು ಕಳೆದುಕೊಳ್ಳುವ ದುರ್ದೈವ ಯಾರಿಗೂ ಬರಬಾರದು. ಸಕ್ಕರೆಯ ಹತೋಟಿ, ಕಾಲಿನ ರಕ್ತಸಂಚಾರದ ಪರೀಕ್ಷೆ, ಹುಣ್ಣಿನ ಮೇಲೆ ಭಾರ ಬೀಳದಂತೆ ನೋಡಿಕೊಳ್ಳುವುದು, ಇವೂ ಅಷ್ಟೇ ಅವಶ್ಯ.

ಅಂಗಡಿಗೆ ಹೋಗಿ ಹಿಂದಿನ ಚೀಟಿಯನ್ನು ತೋರಿಸಿ ಅದೇ ಗುಳಿಗೆಯನ್ನು ನಾಲ್ಕು ದಿನ ನುಂಗುವುದು, ನೋವು ತಗ್ಗಿದೊಡನೆ ನಿಲ್ಲಿಸುವುದು, ನೆರೆಮನೆಯವರಿಗೆ ನಾಟಿದ ಔಷಧವನ್ನು ನಾವೂ ತೆಗೆದುಕೊಳ್ಳುವುದು, ಈ ಮೂರನ್ನೂ ನಾವು ಬಿಡಬೇಕು. ತೇಲುವ ಜೀವಾಣುಗಳು ಸತ್ತು ಜ್ವರ ಇಳಿಯುತ್ತದೆ, ಕೋಟೆ ಮಾತ್ರ ಹಾಗೆಯೇ ಉಳಿಯುತ್ತದೆ. ಅಲ್ಲದೆ, ಪೊರೆಯೊಳಗೆ ಒತ್ತೊತ್ತಾಗಿ ಬಾಳುವ ಜೀವಾಣುಗಳು ಔಷಧವನ್ನು ಎದುರಿಸುವ ಗುಣವನ್ನು ಒಂದರಿಂದೊಂದು ಪಡೆದುಕೊಳ್ಳುವುದೂ ಸುಲಭವಾಗುತ್ತದೆ.

ಇಷ್ಟು ಕೇಳಿದ ಮೇಲೆ ಜೀವಪೊರೆಯೆಂದರೆ ಕೇವಲ ಶತ್ರುವೆಂದು ತೋರಬಹುದು. ಅದು ಅರ್ಧ ಸತ್ಯ. 1892ರ ಒಂದು ಚರಿತ್ರೆಯನ್ನು ಹೇಳುತ್ತೇವೆ. ಗಡಿಯಲ್ಲಿ ಬಾಳುವ ನಮಗೆ ಅದು ವಿಶೇಷವಾಗಿ ಮನಮುಟ್ಟೀತು. ಜರ್ಮನಿಯಲ್ಲಿ ಎಲ್ಬ್ ನದಿಯ ದಡದಲ್ಲಿ ಹ್ಯಾಂಬರ್ಗ್, ಆಲ್ಟೋನ ಎಂಬ ಎರಡು ಪಟ್ಟಣಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಹ್ಯಾಂಬರ್ಗ್ ಸ್ವತಂತ್ರ ನಗರ, ಆಲ್ಟೋನ ಪ್ರಷ್ಯಕ್ಕೆ ಸೇರಿದ್ದು. ಗಡಿಯು ಬೀದಿಯ ನಡುವೆಯೇ ಹಾದುಹೋಗುತ್ತಿತ್ತು. ಎರಡಕ್ಕೂ ಅದೇ ನದಿಯ ನೀರು. ಹ್ಯಾಂಬರ್ಗ್ ಮೇಲುಗಡೆಯ ನೀರನ್ನು ಸೋಸದೆ ಹಂಚುತ್ತಿತ್ತು. ಆಲ್ಟೋನವು ಕೆಳಗಡೆಯಿಂದ, ಎಂದರೆ ಹ್ಯಾಂಬರ್ಗಿನ ಕೊಳಚೆಯೆಲ್ಲ ಸೇರಿದ ಮೇಲಿನ ನೀರನ್ನು ತೆಗೆದುಕೊಂಡು, ಮರಳಿನ ಹಾಸಿನ ಮೂಲಕ ನಿಧಾನವಾಗಿ ಇಳಿಸಿ ಕೊಡುತ್ತಿತ್ತು. ಆ ವರ್ಷ ಕಾಲರಾ ಬಂದಾಗ ಹ್ಯಾಂಬರ್ಗಿನಲ್ಲಿ ಸುಮಾರು 8,600 ಮಂದಿ ಸತ್ತರು. ಆಲ್ಟೋನಕ್ಕೆ ತಗಲಿದುದು ಅತ್ಯಲ್ಪ. ಬೀದಿಯ ಒಂದು ಬದಿಯಲ್ಲಿ ಸಾವು, ಎದುರು ಬದಿಯಲ್ಲಿ ಆರೋಗ್ಯ. ಹ್ಯಾಂಬರ್ಗಿನ ಎಲ್ಲೆಯೊಳಗಿದ್ದರೂ ಆಲ್ಟೋನದ ನೀರನ್ನು ಪಡೆಯುತ್ತಿದ್ದ ಮನೆಗಳ ಒಂದು ಗುಂಪೂ ಸುರಕ್ಷಿತವಾಗಿ ಉಳಿಯಿತು. ರೋಗವು ಗಡಿರೇಖೆಯನ್ನು ನೋಡಲಿಲ್ಲ, ನೀರಿನ ಕೊಳಾಯಿಯನ್ನು ನೋಡಿತು.

ಆಲ್ಟೋನವನ್ನು ಕಾಪಾಡಿದುದು ಬರಿಯ ಮರಳಲ್ಲ. ಮರಳಿನ ಮೇಲ್ಮೈಯಲ್ಲಿ ದಿನಗಳು ಕಳೆದಂತೆ ಕಟ್ಟಿಕೊಳ್ಳುವ ಲೋಳೆಯ ಪದರವೇ ನಿಜವಾದ ಸೋಸುಬಟ್ಟೆಯೆಂದು ಆ ಪಿಡುಗನ್ನು ಪರಿಶೀಲಿಸಿದ ಕಾಖ್ ವಿವರಿಸಿದನು. ಆ ಪದರದಲ್ಲಿ ಬೀಡುಬಿಟ್ಟ ನಿರಪಾಯದ ಜೀವಿಗಳು ನೀರಿನ ಕಶ್ಮಲವನ್ನು ತಿಂದು, ರೋಗಾಣುಗಳನ್ನು ತಡೆದು ನಿಲ್ಲಿಸುತ್ತವೆ. ಪಟ್ಟಣದ ಕೊಳಚೆಯನ್ನು ಶುದ್ಧಗೊಳಿಸುವ ಜಲ್ಲಿಯ ಹಾಸುಗಳಲ್ಲಿಯೂ ದುಡಿಯುವುದು ಜೀವಪೊರೆಯೇ. ಗಿಡಗಳ ಬೇರಿನ ಮೇಲೆ ಪೊರೆ ಕಟ್ಟಿ ಕೊಳೆರೋಗಗಳನ್ನು ಹಿಮ್ಮೆಟ್ಟಿಸುವ ಬ್ಯಾಕ್ಟೀರಿಯಗಳೂ ಉಂಟು. ಕಬ್ಬಿಣದ ಅಂಶವಿರುವ ನೀರು ಜಿನುಗುವೆಡೆಯಲ್ಲಿ ಕಾಣುವ ಕೆಂಪುಹಳದಿಯ ಲೋಳೆಯೂ ಇದೇ ಕುಲದ್ದು. ಭೂಮಿಯ ಮೇಲಿನ ಬ್ಯಾಕ್ಟೀರಿಯ ಮೊದಲಾದವುಗಳಲ್ಲಿ ನೂರಕ್ಕೆ 40ರಿಂದ 80ರಷ್ಟು ಹೀಗೆ ಪೊರೆಗಳಲ್ಲಿಯೇ ಬಾಳುತ್ತಿರಬಹುದೆಂದು 2019ರಲ್ಲಿ ವಿಜ್ಞಾನಿಗಳು ಅಂದಾಜು ಮಾಡಿದರು.

ನಮ್ಮ ಹಿರಿಯರು ನೀರನ್ನು ಬಟ್ಟೆಯಲ್ಲಿ ಸೋಸುತ್ತಿದ್ದುದು ತಮಗೆ ತಿಳಿದಿದೆ. ಅದರ ಒಂದು ಬಗೆಯ ಪರೀಕ್ಷೆ ಬಾಂಗ್ಲಾದೇಶದ ಮತ್ಲಬ್ ಪ್ರದೇಶದ 65 ಹಳ್ಳಿಗಳಲ್ಲಿ ನಡೆಯಿತು. ಕಾಲರಾದ ಜೀವಾಣುಗಳು ಕೆರೆನೀರಿನ ಸಣ್ಣ ಸಣ್ಣ ಜಲಜಂತುಗಳ ಮೈಗೆ ಪೊರೆಯಾಗಿ ಅಂಟಿಕೊಂಡಿರುತ್ತವೆ. ಹಳೆಯ ಹತ್ತಿಯ ಸೀರೆಯನ್ನು ಕನಿಷ್ಠ ನಾಲ್ಕು ಮಡಿಕೆ ಮಾಡಿ ಸೋಸಿದರೆ, ಬಿಡಿ ಜೀವಾಣು ನಿಲ್ಲದಿದ್ದರೂ ಆ ಜಂತು ಬಟ್ಟೆಯಲ್ಲಿ ನಿಲ್ಲುತ್ತದೆ. ಹೀಗೆ ಸೋಸಿದ ಹಳ್ಳಿಗಳಲ್ಲಿ ಕಾಲರಾ ನೂರಕ್ಕೆ 48ರಷ್ಟು ಕಡಮೆಯಾಯಿತೆಂದು ರೀಟಾ ಕೋಲ್ವೆಲ್ ಮತ್ತು ಅವರ ಸಂಗಡಿಗರು 2003ರಲ್ಲಿ ಪ್ರಕಟಿಸಿದರು. ಅರ್ಧದಷ್ಟು ತಡೆದುದು ಸಣ್ಣ ಮಾತಲ್ಲ. ಆದರೆ ಅರ್ಧ ಉಳಿಯಿತೆಂಬುದನ್ನೂ ಮರೆಯಬಾರದು. ಆದುದರಿಂದ ನಾವು ಸೋಸಿದ ಮೇಲೆ ಕುದಿಸುವುದನ್ನು ಬಿಡತಕ್ಕದ್ದಲ್ಲ.

ತಾಯಂದಿರಲ್ಲಿ ಒಂದು ಬಿನ್ನಹ. ನೀರಿನ ಪಾತ್ರೆಯನ್ನು ಬರಿದೆ ಗಲಬರಿಸಿ ತುಂಬಬೇಡಿ. ನಾರು ಹಿಡಿದು ಒಳಮೈಯನ್ನು ತಿಕ್ಕಿ ತೊಳೆಯಿರಿ. ತಾರಸಿಯ ಟಾಂಕಿಗೆ ಬ್ಲೀಚಿಂಗ್ ಪುಡಿಯನ್ನು ಸುರಿದ ಮಾತ್ರಕ್ಕೆ ಶುಚಿಯಾಯಿತೆಂದು ತಿಳಿಯಬಾರದು. ಮೊದಲು ಗೋಡೆಯನ್ನು ಕುಂಚದಿಂದ ಉಜ್ಜಿ ಲೋಳೆಯನ್ನು ತೆಗೆಯಬೇಕು, ಆಮೇಲೆ ಪುಡಿ ಕೆಲಸ ಮಾಡುತ್ತದೆ. ನಮ್ಮ ಅಜ್ಜಿಯರು ಬೂದಿ ಹಾಕಿ ಕೊಡಪಾನವನ್ನು ತಿಕ್ಕುತ್ತಿದ್ದಾಗ ಜೀವಪೊರೆಯ ಹೆಸರನ್ನು ಕೇಳಿರಲಿಲ್ಲ, ಆದರೆ ಮಾಡಬೇಕಾದುದನ್ನೇ ಮಾಡುತ್ತಿದ್ದರು.

ಕಡೆಯದಾಗಿ, ಈ ವಿಚಾರವನ್ನು ಸಂಘದ ವೇದಿಕೆಗೆ ತಂದುದರ ಕಾರಣವನ್ನು ಅರಿಕೆ ಮಾಡುತ್ತೇವೆ. 1956ರ ನವೆಂಬರಿನಿಂದ ಕಾಸರಗೋಡಿನ ನಾವು ಒಂದು ರಾಜ್ಯದಲ್ಲಿದ್ದು ಇನ್ನೊಂದು ರಾಜ್ಯದ ನುಡಿಯನ್ನಾಡುತ್ತ ಬಾಳಿದ್ದೇವೆ. ನಮ್ಮ ಆಸ್ಪತ್ರೆಯ ದಾರಿ ಕೆಲವೊಮ್ಮೆ ತೆಂಕಣಕ್ಕೆ, ಕೆಲವೊಮ್ಮೆ ಬಡಗಣ ಮಂಗಳೂರಿಗೆ. ಚೀಟಿ ಇಂಗ್ಲಿಷಿನಲ್ಲಿ, ಫಲಕ ಮಲಯಾಳದಲ್ಲಿ, ನೋವು ಮಾತ್ರ ಕನ್ನಡದಲ್ಲಿ. ಮನೆಯ ಹಿರಿಯರು ವೈದ್ಯರ ಮುಂದೆ ತಲೆಯಾಡಿಸಿ ಹೊರಬಂದು, ‘ಅವರು ಏನೆಂದರು ಮಗಾ?’ ಎಂದು ಕೇಳುವುದು ನಮ್ಮ ಪಾಲಿಗೆ ಹೊಸತಲ್ಲ. ಆ ಪ್ರಶ್ನೆಗೆ ಉತ್ತರ ಕೊಡಬೇಕಾದವರು ಕನ್ನಡ ಮಾಧ್ಯಮದಲ್ಲಿ ಓದುತ್ತಿರುವ ನಮ್ಮ ಮಕ್ಕಳು. ಕವಿತೆಯನ್ನು ಹೇಳುವ ಅದೇ ನಾಲಗೆಯಿಂದ ಅವರು, ‘ಅಜ್ಜ, ಹುಣ್ಣಿನ ಮೇಲೆ ಪೊರೆ ಕಟ್ಟಿದೆಯಂತೆ, ಗುಳಿಗೆ ಒಳಗೆ ಇಳಿಯುವುದಿಲ್ಲವಂತೆ, ಅದಕ್ಕೇ ಮತ್ತೆ ಕೆರೆಯುತ್ತಾರಂತೆ, ಹೋಗೋಣ’ ಎಂದು ಹೇಳುವಂತಾದರೆ ಒಂದು ಕಾಲು ಉಳಿದೀತು. ನುಡಿಯ ಸೇವೆಯೆಂದರೆ ಅದೂ ಒಂದು. ವೈದ್ಯರಲ್ಲಿಗೆ ಹೋದಾಗ ತಾವು ಸಂಕೋಚಪಡದೆ ಎರಡು ಮಾತುಗಳನ್ನು ಕೇಳಿರಿ: ಈ ನಳಿಗೆ ಇನ್ನೂ ಬೇಕೆ? ಈ ಹುಣ್ಣನ್ನು ಮತ್ತೊಮ್ಮೆ ಶುಚಿಮಾಡಬೇಕೆ?